ಬೈದರೆ ಬರೋ ನಾಯಿಗಳು

ಬಹಳ ಹಿಂದೆ, ರಾಜರಿಗೆ ಕಿರೀಟಕ್ಕಿಂತ ಮೀಸೆನೇ ಭಾರ ಇದ್ದ ಕಾಲದಲ್ಲಿ, ಒಂದು ಮಂಜಿನ ರಾಜ್ಯ ಇತ್ತು. ಅಲ್ಲಿ ರಾಜನ ಕುರಿ ಕಾಯೋ ಒಂದು ಮನೆ. ಸಿದ್ದಜ್ಜ, ಮಗಳು ಗುರವ್ವ, ಮೊಮ್ಮಗಳು ಮಾಳಿ. ಅವರ ನಾಯಿಗಳು ಕರುವಿನಷ್ಟು ಎತ್ತರ. ತೋಳ ಬಂದ್ರೂ ಅವನ್ನ ನೋಡಿ, ದಾರಿ ತಪ್ಪಿ ಬಂದವರ ಥರ ತಿರುಗಿ ಹೋಗೋದು.

ಆ ಮನೇಲಿ ಒಂದು ಪದ್ಧತಿ. ಸಂಜೆ ಮುದ್ದೆ ಮುರಿಯೋ ಮುಂಚೆ ಸತ್ತ ನಾಯಿಗಳನ್ನ ನೆನೀಬೇಕು. ಬರೀ ಒಳ್ಳೇದೇ ಹೇಳ್ಬೇಕು, ಬೈದ್ರೆ ಕುರಿಗೆ ರೋಗ ಅಂತ ನಂಬಿಕೆ. ಹಂಡೆ ಅನ್ನೋ ನಾಯಿ ತೋಳದ ಕತ್ತು ಮುರಿದಿದ್ದು, ಡೊಳ್ಳ ಹೊಳೆಯಿಂದ ಕುರಿಮರಿ ಎತ್ತಿ ತಂದಿದ್ದು, ಸಿಡ್ಲಿ ಮಾಳಿಯ ತೊಟ್ಟಿಲು ತೂಗಿದ್ದು. ಕೇಳಿದೋರಿಗೆ ನಾಯಿಗಳೋ ಋಷಿಗಳೋ ಗೊತ್ತಾಗ್ತಿರಲಿಲ್ಲ.

ಗೋಡೆ ಆಚೆ ಮಬ್ಬರಾಯ ಅನ್ನೋ ಮಾಂತ್ರಿಕ ಇದನ್ನೆಲ್ಲ ಕೇಳ್ತಿದ್ದ. ಒಂದು ಬೆಳಗ್ಗೆ ಮಂಜಿನೊಳಗೆ ಡೊಳ್ಳ ನಿಂತು ಬಾಲ ಆಡಿಸ್ತು. ಸಿದ್ದಜ್ಜ ಅದರ ಹಿಂದೆ ಮಬ್ಬರಾಯನ ಗುಡ್ಡದ ಕಡೆ ಹೋದ. ವಾಪಸ್ ಬರಲಿಲ್ಲ.

"ನಾನು ಕರ್ಕೊಂಡು ಬರ್ತೀನವ್ವ" ಅಂದ್ಲು ಮಾಳಿ.

"ಆ ಗುಡ್ಡಕ್ಕೆ ಹೋದೋರು ಕಲ್ಲಾಗ್ತಾರಂತೆ ಕಣೆ."

"ಅಜ್ಜ ಮೊದ್ಲೇ ಕಲ್ಲಿನಂಥೋನು, ಬಿಡು."

ಗುಡ್ಡದ ತುಂಬ ಕಲ್ಲುಗಳು. ಹತ್ರ ಹೋದ್ರೆ ರೆಪ್ಪೆ ಬಡಿದ್ವು. ನಡುವೆ ಒಂದು ಕಂಬಳಿ ನಿಂತಿತ್ತು. ಅದಕ್ಕೆ ಮುಖ ಇರಲಿಲ್ಲ, ದನಿ ಮಾತ್ರ ಇತ್ತು. ಅವನೇ ಮಬ್ಬರಾಯ. ಪಕ್ಕದಲ್ಲಿ ಸಿದ್ದಜ್ಜ.

"ಮೂರು ನಾಯಿ ಬಿಡ್ತೀನಿ. ನಿಮ್ಮದನ್ನ ಗುರುತಿಸಿದ್ರೆ ಅಜ್ಜ ನಿನ್ನೋನು. ತಪ್ಪಿದಷ್ಟೂ ಕಲ್ಲಾಗ್ತಾನೆ."

ಮೊದಲು ಹಂಡೆ ಬಂತು, ಬಾಯಲ್ಲಿ ತೋಳ. "ನಮ್ಮದೇ" ಅಂದ್ಲು ಮಾಳಿ. ಅಜ್ಜ ಸೊಂಟದವರೆಗೆ ಕಲ್ಲಾದ.

ಆಮೇಲೆ ಡೊಳ್ಳ ಬಂತು, ಬಾಯಲ್ಲಿ ಕುರಿಮರಿ. "ಇದು ನಮ್ಮದೇ" ಅಂದ್ಲು. ಅಜ್ಜ ಕತ್ತಿನವರೆಗೆ ಕಲ್ಲಾದ.

ಕೊನೆಗೆ ಸಿಡ್ಲಿ ಬಂತು. ಮಾಳಿ ತಬ್ಬೋಕೆ ಹೋಗಿ ನಿಂತ್ಬಿಟ್ಲು. ನಾತಾನೇ ಇಲ್ಲ. ಸಿಡ್ಲಿ ಮಳೇಲಿ ನೆನೆದು ಬಂದ್ರೆ ಕುರಿಗಳೇ ದೂರ ಓಡೋವು. ಅದನ್ನ ಮನೇಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಇವನು ಹೇಳಿದ್ದನ್ನಷ್ಟೇ ಕೇಳಿ ನಾಯಿ ಮಾಡಿದ್ದಾನೆ.

"ಇದು ನಮ್ಮದಲ್ಲ. ಒಂದೂ ನಮ್ಮದಲ್ಲ."

"ನಿಮ್ಮವು ಇದಕ್ಕಿಂತ ಚೆನ್ನಾಗಿದ್ವಾ?" ಮಬ್ಬರಾಯ ನಕ್ಕ.

"ಚೆನ್ನಾಗಿರೋದು ಎಲ್ಲಿಂದ ಬಂತು." ಮಾಳಿ ಸೊಂಟಕ್ಕೆ ಕೈ ಇಟ್ಟು ಶುರು ಮಾಡಿದ್ಲು. "ಲೇ ಹಂಡೆ, ಬೆಣ್ಣೆ ಗಡಿಗೇಲಿ ತಲೆ ಸಿಕ್ಕಿಸ್ಕೊಂಡು ಊರೆಲ್ಲ ಸುತ್ತಿದೋನೆ. ಲೇ ಡೊಳ್ಳ, ಗುಡುಗಿಗೆ ಹೆದರಿ ಅಜ್ಜನ ಹಾಸಿಗೇಲಿ ಉಚ್ಚೆ ಹೊಯ್ದೋನೆ. ಏ ಗಬ್ಬು ಸಿಡ್ಲಿ. ಎಲ್ಲಿ ಸತ್ರಿ, ಬರ್ರೋ."

ಮಣ್ಣು ಅಲುಗಾಡ್ತು. ಮೊದಲು ನಾತ ಬಂತು. ಆಮೇಲೆ ನಿಜವಾದ ನಾಯಿಗಳು ಬಂದ್ವು, ಕಿವಿ ಇಳಿಬಿಟ್ಟು, ಬೈಸ್ಕೊಂಡ ಮುಖದಲ್ಲಿ. ಮಬ್ಬರಾಯನ್ನ ನೋಡಿದ್ದೇ ಕಿವಿ ನೆಟ್ಟಗಾದ್ವು. ಕಂಬಳಿ ಹರಿದುಹೋಯ್ತು. ಒಳಗೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದೇ ತುಂಬ ಹೊತ್ತು ಕಿರುಚ್ತು.

ಕಲ್ಲುಗಳೆಲ್ಲ ಮನುಷ್ಯರಾಗಿ ಮೈ ಮುರಿದ್ವು, ಅಜ್ಜನೂ ಮೈ ಕೊಡವಿದ. ನಾಯಿಗಳು ಗುಡ್ಡದ ಅಂಚಿನವರೆಗೆ ಬಂದು ನಿಂತ್ವು, ಮುಂದೆ ಬರಲಿಲ್ಲ.

ಇಳಿಯೋವಾಗ ಮಾಳಿ ಕೇಳಿದ್ಲು, "ಅಲ್ಲ ಕಣಜ್ಜ, ಅದು ನಮ್ಮ ಡೊಳ್ಳ ಅಲ್ಲ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತು." ಅಜ್ಜ ಮೂಗು ಒರೆಸ್ಕೊಂಡ. "ಆದ್ರೂ ಬಾಲ ಆಡಿಸ್ತಲ್ಲ ಕಣೆ."

ಅಲ್ಲಿಂದಾಚೆ ಆ ರಾಜ್ಯದೋರೆಲ್ಲ ಸುಖವಾಗಿದ್ರು. ನಾಯಿ ಸಾಕದೋರೂ ಇದ್ರು, ಹೆಂಗೋ.