ತೊಣ್ಣೂರು ಕೆರೆಯ ಹದಿಮೂರನೆಯ ಕೈದಿ

ಹನ್ನೆರಡು ಕೈದಿಗಳು ಕೆರೆಗೆ ಇಳಿದರು. ದಡಕ್ಕೆ ಬಂದದ್ದು ಹದಿಮೂರು. ಹದಿಮೂರನೆಯವನು ಸತ್ತಿದ್ದ.

ಅದು ಕರಿನೀರಿನ ಶಿಕ್ಷೆಯ ಸಿನಿಮಾ. ಬ್ರಿಟಿಷರ ಕಾಲದ ಅಂಡಮಾನು. ಸಮುದ್ರದ ಬದಲು ತೊಣ್ಣೂರು ಕೆರೆ. ಕೈದಿಗಳ ಪಾತ್ರಕ್ಕೆ ಸುತ್ತಲ ಹಳ್ಳಿಗಳ ಹನ್ನೆರಡು ಗಂಡಸರು, ಬೋಳಿಸಿದ ತಲೆ, ಕಾಲಿಗೆ ಬಣ್ಣ ಬಳಿದ ತಗಡಿನ ಬೇಡಿ. ಎದೆಮಟ್ಟದ ನೀರಿನಲ್ಲಿ ಒಬ್ಬನ ಬೇಡಿ ಏನಕ್ಕೋ ಸಿಕ್ಕಿಕೊಂಡಿತು. ಎಳೆದರೆ ಸರಪಳಿ ಬಂತು. ಸರಪಳಿಯ ಹಿಂದೆ ಒಬ್ಬ ಮುದುಕನ ಹೆಣ. ಎಲ್ಲರೂ ಕಿರುಚುತ್ತ ದಡಕ್ಕೆ ಓಡಿದರು. ಒಬ್ಬ ಮಾತ್ರ ತುಂಬ ಹೊತ್ತು ನೀರಿನಲ್ಲೇ ನಿಂತಿದ್ದ.

ಪಾಂಡವಪುರದ ಸಬ್ ಇನ್ಸ್‌ಪೆಕ್ಟರ್ ಶಿವಶಂಕರ್ ಬಗ್ಗಿ ನೋಡಿದ. ಮುಖವನ್ನು ಮೀನುಗಳು ತಿಂದಿದ್ದವು. ಕಾಲಿನ ಬೇಡಿ ತಗಡಿನದಲ್ಲ, ಅಪ್ಪಟ ಕಬ್ಬಿಣ.

"ತಲೆ ಒಡೆದಿದೆ. ಸತ್ತು ಹತ್ತು ದಿನ ಆಗಿರಬೇಕು" ಎಂದರು ಡಾಕ್ಟರು. "ನಾಳೆ ಮಧ್ಯಾಹ್ನಕ್ಕೆ ಹೂಳಲೇಬೇಕು. ವಾರಸುದಾರರಿಲ್ಲ. ಅನಾಥ ಶವ ಅಂತ ಬರೀರಿ."

ಶಿವಶಂಕರನ ಪೆನ್ನು ನಿಂತಿತು. ಅವನು ಈ ಊರಿಗೆ ಬಂದು ಮೂರು ವರ್ಷ. ಕ್ವಾರ್ಟರ್ಸಿನಲ್ಲಿ ಒಬ್ಬನೇ. ತಾನು ಸತ್ತರೆ ಗುರುತು ಹಿಡಿಯಲು ಯಾರು ಬರುತ್ತಾರೆ ಎಂದು ಆಗಾಗ ಯೋಚಿಸುತ್ತಿದ್ದ. ಹಾಲಿನವಳು ಬರಬಹುದು, ಅಷ್ಟೇ.

"ನಾಳೆವರೆಗೆ ಹೊತ್ತಿದೆಯಲ್ಲ" ಎಂದ.

* * *

ಬೇಡಿ ಮಾಡಿದವನು ಕಮ್ಮಾರ ನಾಗರಾಜ. ತಿದಿ ಬಿಟ್ಟು ಎದ್ದು ಬಂದ.

"ನಂದೇ ಕೆಲ್ಸ ಸಾ. ಹತ್ರದಿಂದ ತೋರ್ಸಕ್ಕೆ ಅಂತ ಒಂದೇ ಒಂದು ಜೊತೆ ಕಬ್ಬುಣದ್ದು. ಮಿಕ್ಕಿದ್ದೆಲ್ಲ ತಗಡು."

"ಹೆಣದ ಕಾಲಲ್ಲಿದೆ. ಏನ್ ಹೇಳ್ತೀಯ?"

"ನಾನೇ ಕೊಲ್ಲೋನಾಗಿದ್ರೆ ನನ್ ಗುರುತಿರೋ ಬೇಡೀನೇ ಹಾಕ್ತೀನಾ ಸಾ? ಶೂಟಿಂಗ್ ಶುರುವಾಗೋ ಹಿಂದಿನ್ ದಿನ ಸಂಜೆ ಕೊಟ್ಟು ಬಂದೆ. ಕೈದಿ ಪಾತ್ರದ ಆ ಹನ್ನೆರಡು ಜನವೇ ಹೊತ್ಕೊಂಡೋಗಿ ಶೂಟಿಂಗ್ ಶೆಡ್ಡಿಗೆ ಆಕುದ್ರು. ಸಿನಿಮಾದೋರು ಬೆಳಿಗ್ಗೆ ಬಂದು ನೋಡುದ್ರೆ ಆ ಜೊತೆ ಕಾಣೆ. ನಂಗೇ ಬೈದ್ರು."

ಅದಾಗಿ ಹತ್ತು ದಿನ. ಶೆಡ್ಡಿನಲ್ಲಿ ಬೇಡಿ ಎಲ್ಲಿದೆ ಎಂದು ಗೊತ್ತಿದ್ದವರು ಆ ಹನ್ನೆರಡು ಜನ ಮಾತ್ರ.

* * *

ಬೆಳಿಗ್ಗೆ ಹನ್ನೆರಡು ಜನರೂ ಕೆರೆ ಏರಿಯ ಮೇಲೆ ಸಾಲಾಗಿ ಕೂತಿದ್ದರು. ಶಿವಶಂಕರ್ ಆ ಬೋಳು ತಲೆಗಳನ್ನು ನೋಡುತ್ತ ಓಡಾಡಿದ. ಎಲ್ಲರೂ ಒಂದೇ ಥರ. ಅಲ್ಲ, ಒಂದೇ ಥರ ಅಲ್ಲ.

"ಅರ್ಧ ಜನಕ್ಕೆ ಮೀಸೆ ಇದೆ. ಯಾಕೆ?" ಎಂದು ಅವರ ತಲೆ ಬೋಳಿಸಿದ್ದ ಕ್ಷೌರದ ಹೊನ್ನಪ್ಪನನ್ನು ಕೇಳಿದ.

"ಶೂಟಿಂಗ್ ಶುರುವಾದ ದಿನ ಬೆಳಿಗ್ಗೆ ಡೈರೆಕ್ಟ್ರು ಎಲ್ಲಾರ್ದೂ ತೆಗಿ ಅಂದ್ರು ಸಾ. ಅಪ್ಪ ಬದುಕಿರುವಾಗ ಮೀಸೆ ತೆಗಿಯಕಿಲ್ಲ ಅಂತ ಆರು ಜನ ಗಲಾಟೆ ಮಾಡುದ್ರು. ಅಂಗಾರೆ ಇರ್ಲಿ ಬುಡು ಅಂದ್ರು. ಮಿಕ್ಕೋರು ಸುಮ್ನೆ ಬೋಳುಸ್ಕಂಡ್ರು."

ಶಿವಶಂಕರ್ ಮೀಸೆಯಿಲ್ಲದ ಆರು ಜನರ ಮುಂದೆ ನಿಂತ. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ.

"ನಿಮ್ಮಪ್ಪ?"

"ತೀರ್ಕಂಡು ಎಂಟು ವರ್ಸ ಆಯ್ತು ಸಾ."

"ನಿಮ್ಮಪ್ಪ?"

"ನಾನು ಉಟ್ಟೋಕ್ ಮುಂಚೇನೇ ಓದ್ರು."

ಹೀಗೆ ಐದು ಜನ. ಆರನೆಯವನು ಚಲುವರಾಜು, ನಲವತ್ತು ದಾಟಿದ ರೈತ. ನೀರಿನಲ್ಲೇ ನಿಂತಿದ್ದವನು ಅವನೇ. ಅವನು ಬಾಯಿ ತೆರೆಯುವ ಮೊದಲೇ ಪಕ್ಕದವನು ನಕ್ಕ.

"ಇವ್ರಪ್ಪ ತಮ್ಮಯ್ಯ ಕಲ್ಲುಗುಂಡಿನಂಗವ್ನೆ ಸಾ! ಹದ್ನಾಲ್ಕು ವರ್ಸ ನಿಜವಾದ ಜೈಲಲ್ಲೇ ಇದ್ದು ಬಂದೋನು. ಲೇ ಚಲುವ, ಮೀಸೆ ಯಾಕ್ಲಾ ತೆಗ್ಸುದೆ? ಸಾ, ಇವ್ನು ಬಾಡೂ ಬುಟ್ಟವ್ನೆ. ಬರೀ ಮಜ್ಜಿಗೆ ಅನ್ನ, ಅದೂ ಒಪ್ಪತ್ತು. ಸ್ವಾಮೇರಾಗ್ತಾವ್ನೆ!"

ಉಳಿದವರೂ ನಕ್ಕರು. ಚಲುವರಾಜು ನಗಲಿಲ್ಲ.

"ಅಪ್ಪ ಬೆಂಗ್ಳೂರಿಗೋಗವ್ರೆ. ಜೈಲಿನ್ ಸ್ನೇಯಿತ್ರು ಯಾರೋ ಅವ್ರಂತೆ" ಎಂದ.

"ಯಾವತ್ತು ಹೋದ್ರು?"

"ಶೂಟಿಂಗ್ ಶುರುವಾಗೋ ಇಂದಿನ್ ದಿನ."

* * *

ಶಿವಶಂಕರ್ ಉಳಿದವರನ್ನು ಕಳಿಸಿ ಅವನ ಪಕ್ಕ ಕಲ್ಲಿನ ಮೇಲೆ ಕೂತ.

"ಅಪ್ಪ ಇರೋ ಆರೂ ಜನ ಮೀಸೆ ಉಳಿಸಿಕೊಂಡ್ರು. ನೀನೂ ಬೇಡ ಅಂದಿದ್ರೆ ಉಳೀತಿತ್ತು. ನೀನು ಅನ್ನಲಿಲ್ಲ. ಮಾಂಸ ಬಿಟ್ಟೆ, ಒಪ್ಪತ್ತು ಉಂಡೆ. ಅದು ಸೂತಕ. ಊರಲ್ಲಿ ತಲೆ ಬೋಳಿಸಿದ್ರೆ ಯಾರು ಸತ್ರು ಅಂತ ಕೇಳ್ತಾರೆ. ಸಿನಿಮಾದಲ್ಲಿ ಯಾರೂ ಕೇಳಲ್ಲ. ಅಪ್ಪ ಸತ್ತಿದ್ದು ನಿನ್ನೊಬ್ಬನಿಗೇ ಗೊತ್ತಿತ್ತು."

ಚಲುವರಾಜು ಕೆರೆಯನ್ನೇ ನೋಡುತ್ತಿದ್ದ.

"ಅಪ್ಪ ಪಂಪ್‌ಸೆಟ್ ಮನೇಲಿ ಮಲಗ್ತಿತ್ತು ಸಾ. ಯಾರೂ ಮಾತಾಡುಸ್ತಿರಲಿಲ್ಲ. ಮಗಳು ಅನೂನ ನೋಡೋಕ್ ಬರೋರಿದ್ರು. ಒಂದ್ಸಲ ಅಪ್ಪ ಜೈಲಲ್ಲಿದ್ದುದ್ಕೇ ಸಂಬಂಧ ಮುರ್ದಿತ್ತು. ನಾಕು ದಿನ ಎಲ್ಲಾದ್ರೂ ಓಗಪ್ಪ ಅಂದೆ. 'ಜೈಲಿಗೂ ಯಾರೂ ನೋಡಾಕ್ ಬರಲಿಲ್ಲ, ಇಲ್ಲೂ ಓಡುಸ್ತೀಯಾ' ಅಂತು. ಇದೇ ಏರಿ ಮೇಲೆ. ತಳ್ಬುಟ್ಟೆ. ಕಲ್ಲಿಗೆ ಬಿತ್ತು. ಬಯ ಆಯ್ತು. ತೇಲ್ಬಾರ್ದು ಅಂತ ಶೆಡ್ಡಿಂದ ಬೇಡಿ ತಂದೆ."

ತನ್ನ ಬೋಳು ತಲೆ ಸವರಿಕೊಂಡ.

"ಜೈಲಿಂದ ಬುಡ್ಸ್ಕೊಂಡು ಬಂದೋರ ಕಾಲಿಗೆ ನಾನೇ ಬೇಡಿ ಆಕ್ದೆ ಸಾ."

ಶಿವಶಂಕರ್ ಎದ್ದ. ಹನ್ನೊಂದೂವರೆ. ಗುಂಡಿ ತೋಡುವವರು ಕಾಯುತ್ತಿದ್ದರು. ಜೀಪಿನಿಂದ ರಿಜಿಸ್ಟರು ತಂದು ಬಾನೆಟ್ಟಿನ ಮೇಲೆ ಬಿಚ್ಚಿದ. ಚಲುವರಾಜು ಹತ್ತಿರ ಬಂದು, ಕೇಳುವ ಮೊದಲೇ ಎರಡೂ ಕೈ ಮುಂದೆ ಚಾಚಿದ.

"ಅನಾಥ ಅಂತ ಬರೀಬ್ಯಾಡಿ ಸಾ. ತಮ್ಮಯ್ಯ ಅಂತ ಬರ್ಕಳಿ. ವಾರಸ್ದಾರ ನಾನಿವ್ನಿ."