ಬೇರುಗಂಬಳಿ

ಹೊರಗೆ ನುಬ್ರಾ ಕಣಿವೆಯ ಮೇಲೆ ಆ ವರ್ಷದ ಮೊದಲ ಹಿಮ ಉದುರುತ್ತಿತ್ತು. ಬಕೆಟ್ಟಿನಲ್ಲಿಟ್ಟ ನೀರು ಕಲ್ಲಾಗಿತ್ತು. ಪಾರದರ್ಶಕ ಹಾಳೆ ಹೊದಿಸಿದ ಉದ್ದನೆಯ ಹಸಿರುಮನೆಯ ಒಳಗೆ ಮಾತ್ರ ಅರಿಶಿನದ ಎಲೆಗಳು ಸೊಂಟದೆತ್ತರಕ್ಕೆ ಬೆಳೆದು ನಿಂತಿದ್ದವು. ಅವುಗಳ ನಡುವೆ ಪೆಮಾ ಲ್ಹಾಮೊ ಬರಿಗಾಲಲ್ಲಿ ನಡೆದಾಡುತ್ತಿದ್ದಳು. ಅವಳ ಪಾದದ ಕೆಳಗಿನ ಮಣ್ಣು, ಮಗು ಆಗತಾನೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

“ನಾ ಗಂಜಿ ಕುಡುಸ್ದಿ ಕನ ಅಕ್ಕ,” ಎಂದಳು ಪೆಮಾ, ಖಾಲಿ ಕ್ಯಾನನ್ನು ಮೂಲೆಗಿಡುತ್ತಾ. “ಈ ಊರ್ಲಿ ಯಾವ ಸೊಸೆಗೂ ಇಂಥ ಉಪಚಾರ ಆಗಿಲ್ಲ. ನನಗಂತೂ ಆಗ್ನೇ ಇಲ್ಲ.”

ಡಾ. ಸಿಂಚನಾ ನಕ್ಕಳು. ಲಡಾಖಿನ ಈ ಮೂಲೆಯಲ್ಲಿ ತನ್ನ ಕಡೆಯ ಚಾಮರಾಜನಗರದ ಮಾತು ಕೇಳಿದಾಗಲೆಲ್ಲ ಅವಳಿಗೆ ಖುಷಿಯಾಗುತ್ತಿತ್ತು. ಪೆಮಾ ಹುಟ್ಟಿ ಬೆಳೆದದ್ದು ಒಡೆಯರಪಾಳ್ಯದ ಟಿಬೆಟನ್ ಶಿಬಿರದಲ್ಲಿ. ಮದುವೆಯಾಗಿ ಬಂದದ್ದು ಇಲ್ಲಿಗೆ. ಸಿಂಚನಾಳ ಪ್ರಯೋಗಕ್ಕೆ ತನ್ನ ಹೊಲವನ್ನು ಕೊಟ್ಟವಳೂ ಅವಳೇ.

ಗಂಜಿ ಕುಡಿಯುತ್ತಿದ್ದುದು ಗಿಡವಲ್ಲ, ಗಿಡದ ಕೆಳಗಿನ ಕಂಬಳಿ. ಸಿಂಚನಾ ಒಂಬತ್ತು ವರ್ಷ ಜೀವ ತೇಯ್ದು ರೂಪಿಸಿದ ಅದಕ್ಕೆ ಬೇರುಗಂಬಳಿ ಎಂದು ಹೆಸರು. ಉಣ್ಣೆ ಮತ್ತು ಸೆಣಬಿನ ಜಾಲರಿಯ ಮೇಲೆ ಒಂದು ಬಗೆಯ ಶಿಲೀಂಧ್ರ, ಎಂದರೆ ಅಣಬೆಯ ಕುಲದ ಸಣ್ಣ ಜೀವಿ, ನೂಲಿನಂತೆ ಹರಡಿಕೊಂಡಿರುತ್ತದೆ. ಬಾರ್ಲಿ ಹಿಟ್ಟಿನ ತೆಳು ಗಂಜಿಯನ್ನು ಉಂಡು, ತಿಪ್ಪೆಗುಂಡಿಯ ಒಡಲಿನಂತೆ ನಿಧಾನಕ್ಕೆ ಬಿಸಿ ಬಿಡುತ್ತದೆ. ಮಣ್ಣು ಸಾಕಷ್ಟು ಬೆಚ್ಚಗಾದರೆ ತಾನಾಗಿ ಮಂಕಾಗುತ್ತದೆ, ತಣ್ಣಗಾದರೆ ಮತ್ತೆ ಚುರುಕಾಗುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ. ೨೦೬೮ರ ಆ ನವೆಂಬರಿನ ಹೊತ್ತಿಗೆ ಹಿಮಾಲಯದ ಹಲವು ಹಳ್ಳಿಗಳಲ್ಲಿ ಅದರ ಮೇಲೆ ಶುಂಠಿ, ಸುವರ್ಣಗೆಡ್ಡೆ, ಕೆಸುವು ಬೆಳೆಯುತ್ತಿದ್ದವು. ಅರಿಶಿನವೊಂದೇ ಬಾಕಿ.

ಆ ಅರಿಶಿನ ಎಲ್ಲಿಂದಲೋ ಬಂದದ್ದಲ್ಲ, ಸಿಂಚನಾಳ ಊರಿನದು. ಹೊನ್ನುಹೊಳೆ ತಳಿ. ಒಂದು ಕಾಲದಲ್ಲಿ ಅದರ ಕೊಂಬು ಮುರಿದರೆ ಒಳಗೆ ಸಂಜೆಯ ಸೂರ್ಯನ ಕೆಂಪು ಕಾಣುತ್ತಿತ್ತಂತೆ. ಬರಬರುತ್ತಾ ಬಣ್ಣ ಕೆಟ್ಟಿತು. ಮಣ್ಣು ಸೋತಿದೆ ಎಂದರು, ಗೊಬ್ಬರ ಬದಲಿಸಿದರು, ಕೊನೆಗೆ ಬೆಳೆಯುವುದನ್ನೇ ಬಿಟ್ಟರು. ಹಟ ಹಿಡಿದು ಉಳಿಸಿಕೊಂಡವರು ಗುರುಮಲ್ಲಣ್ಣ ಒಬ್ಬರೇ. ಊರಿನ ಸಲುಗೆಯಿಂದ ಸಿಂಚನಾ ಅವರನ್ನು ಮಾವ ಎನ್ನುತ್ತಿದ್ದಳು. ತಮ್ಮಲ್ಲಿದ್ದ ಅಷ್ಟೂ ಬೀಜದ ಗೆಡ್ಡೆಯನ್ನು ಅವಳ ಕೈಗಿಟ್ಟು, “ಹೊಸ ಮಣ್ಣಲ್ಲಾದ್ರೂ ಬಣ್ಣ ತಿರುಗ್ಲಿ. ತಿರುಗುದ್ಮೇಲ ನನ್ ಬೀಜ ನನಗ ಕೊಡು,” ಎಂದಿದ್ದರು. ಊರಿನಲ್ಲಿ ಆ ಬೀಜ ಒಂದು ಬೆರಳಷ್ಟೂ ಉಳಿದಿರಲಿಲ್ಲ.

ಈಗ ಸಿಂಚನಾ ಸಾಲಿನ ನಡುವಿನ ಒಂದು ಗಿಡವನ್ನು ಅಗೆದಳು. ಗೆಡ್ಡೆ ದಪ್ಪಗೆ, ನೋಡಲು ಚೆಂದವಾಗಿತ್ತು. ಮುರಿದಳು. ಒಳಗೆ ಮೂಲಂಗಿಯ ಬಿಳುಪು.

ಸೆಪ್ಟೆಂಬರಿನಲ್ಲಿ ಎಲೆಯ ತುದಿ ಹಳದಿಗೆ ತಿರುಗಿದಾಗ ಇಬ್ಬರೂ ಗಾಬರಿಯಾಗಿ ಗಂಜಿಯನ್ನು ಎರಡರಷ್ಟು ಮಾಡಿದ್ದರು. ಹಸಿ ಬಾಣಂತಿಗೆ ಥಂಡಿ ತಾಗಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕುವ ಊರಿನವರು ಅವರು. ಎಲೆಗಳು ಮತ್ತೆ ಹಸಿರಾದಾಗ ಗೆದ್ದೆವೆಂದುಕೊಂಡಿದ್ದರು. ಹಿಮನಾಡಿನಲ್ಲಿ ಬೆಳೆದ ಅರಿಶಿನವನ್ನು ನೋಡಲು ಲೇಹ್‌ನಿಂದ ಜನ ಬಂದು ಫೋಟೋ ತೆಗೆಸಿಕೊಂಡಿದ್ದರು.

ಸಿಂಚನಾ ಸೋತ ಮನಸ್ಸಿನಿಂದ ಸಾಲಿನ ಉದ್ದಕ್ಕೂ ನಡೆದಳು. ಬಡಗಣ ಗೋಡೆಯ ಬಳಿ ಕಂಬಳಿ ಒಂದು ಮೊಳ ಸಾಲದೇ ಹೋಗಿತ್ತು. ಅಲ್ಲಿದ್ದ ಒಂದೇ ಗಿಡ ಎಲ್ಲಕ್ಕಿಂತ ಮೊದಲೇ ಒಣಗಿ ಮಲಗಿತ್ತು. ಸತ್ತಿತೆಂದು ಇಬ್ಬರೂ ಅದರ ಕಡೆ ನೋಡಿರಲಿಲ್ಲ. ಅವಳು ಕೈಯಿಂದಲೇ ಮಣ್ಣು ಕೆದಕಿದಳು. ಸಿಕ್ಕಿದ್ದು ಒಂದೇ ಪುಟ್ಟ ಗೆಡ್ಡೆ. ಮುರಿದಾಗ ಉಗುರಿನ ಸಂದಿಯೆಲ್ಲ ಕೆಂಪು ಹಳದಿಯಾಯಿತು.

“ಪೆಮಾ, ನಾವು ಇದನ್ನ ಮಲಗೋಕೇ ಬಿಟ್ಟಿಲ್ಲ,” ಎಂದಳು ಸಿಂಚನಾ ಮೆಲ್ಲಗೆ. “ಬೆಳೆಯೋಕೆ ಬಿಸಿ ಬೇಕು, ಸರಿ. ಬಣ್ಣ ಕಟ್ಟೋಕೆ ತಂಪು ಬೇಕು. ಚಳಿ ತಾಗಿದ್ಮೇಲೇ ಗಿಡ ಎಲೆಯಲ್ಲಿರೋದನ್ನೆಲ್ಲ ಗೆಡ್ಡೆಗೆ ಇಳಿಸೋದು.”

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಗುರುಮಲ್ಲಣ್ಣ ಕಾಣಿಸಿಕೊಂಡರು. ಸಿಂಚನಾ ಎಲ್ಲವನ್ನೂ ಹೇಳಿ, ಗಂಜಿ ನಿಲ್ಲಿಸುತ್ತೇನೆ ಎಂದಳು.

“ಚಳಿಗ ಬುಟ್ಟೀಯಾ? ಅರಿಸಿನಕ್ಕ ಶೀತ ಸೇರದಿಲ್ಲ ಅನ್ನದು ತೊಟ್ಲು ಕೂಸ್ಗೂ ಗೊತ್ತದ.”

“ಹದವಾಗಿ ಮಾವ. ಮಣ್ಣು ಹೆಪ್ಪುಗಟ್ಟೋಕೆ ಬಿಡಲ್ಲ.”

“ಕೊಳ್ತೋದ್ರ?”

“ಕೊಳೆತ್ರೆ ನಾನೇ ಬಂದು ನಿಮ್ಮೆದುರು ನಿಂತ್ಕೋತೀನಿ.”

“ನೀ ಬಂದು ನಿಂತ್ಕಂಡ್ರ ಅರಿಸಿನ ಬಂದದಾ?”

ಒಂದೇ ಗಿಡದ ಸಾಕ್ಷಿಯ ಮೇಲೆ ಒಂದು ತಳಿಯನ್ನೇ ಪಣಕ್ಕಿಡುವುದು ಯಾವ ವಿಜ್ಞಾನವೆಂದು ಸಿಂಚನಾಳಿಗೂ ಅಳುಕಿತ್ತು. ಆದರೆ ಅರ್ಧ ಉಳಿಸಿ ಇನ್ನರ್ಧಕ್ಕೆ ಪರೀಕ್ಷೆ ಮಾಡೋಣವೆಂದರೆ ಕಂಬಳಿ ಒಂದೇ ಹಾಸು, ಒಂದು ತುದಿಗೆ ಉಣಿಸಿದ ಗಂಜಿ ನೂಲಿನುದ್ದಕ್ಕೂ ಹರಿದು ಇಡೀ ಮನೆಯನ್ನು ಬೆಚ್ಚಗಾಗಿಸುತ್ತಿತ್ತು.

“ಆ ಮೂಲೇದ ಇನ್ನೊಂದ್ಸಲ ತೋರ್ಸು,” ಎಂದರು ಗುರುಮಲ್ಲಣ್ಣ. ಅವಳು ಮುರಿದ ಗೆಡ್ಡೆಯನ್ನು ಕ್ಯಾಮೆರಾಕ್ಕೆ ಹಿಡಿದಳು. ಅವರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿಕೊಂಡರು. “ನಮ್ಮವ್ವನ ಕೈ ಹಿಂಗೇ ಇರದು. ನಿಲ್ಸು ಗಂಜಿಯ.”

ಗಂಜಿಯಿಲ್ಲದ ಕಂಬಳಿ ದಿನದಿಂದ ದಿನಕ್ಕೆ ಮಂಕಾಯಿತು. ಎಲೆಗಳು ಬಾಗಿದವು, ಹಳದಿಯಾದವು, ಸದ್ದು ಮಾಡುವಷ್ಟು ಒಣಗಿದವು. ಪೆಮಾ ಬೆಳಿಗ್ಗೆ ಎದ್ದರೆ ಅಭ್ಯಾಸದಂತೆ ಬಾರ್ಲಿ ಹಿಟ್ಟಿಗೆ ಕೈಹಾಕಿ, ನೆನಪಾಗಿ ಸುಮ್ಮನಾಗುತ್ತಿದ್ದಳು. “ಉಪವಾಸ ಕೆಡವೋದು ನನ್ ಕೈಲಿ ನೋಡೋಕಾಗಲ್ಲ ಕನ ಅಕ್ಕ,” ಎಂದು ಒಂದು ದಿನ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಪಾದರಸ ತೀರಾ ಇಳಿದ ದಿನಗಳಲ್ಲಿ ಇಬ್ಬರೂ ಸೇರಿ ಪಾತಿಯ ಮೇಲೆ ಹುಲ್ಲು ಹರಡಿದರು.

ಡಿಸೆಂಬರಿನ ಒಂದು ಬಿಸಿಲ ಮಧ್ಯಾಹ್ನ ಅಗೆತ ಶುರುವಾಯಿತು. ಕೊಳೆತದ್ದು ಅಲ್ಲೊಂದು ಇಲ್ಲೊಂದು. ಉಳಿದ ಪ್ರತಿ ಗೆಡ್ಡೆಯೂ ಮುರಿದಲ್ಲೆಲ್ಲ ಕೆಂಡದಂತೆ ಹೊಳೆಯಿತು. ಅಕ್ಕಪಕ್ಕದ ಹೆಂಗಸರು ಬಂದು ಗುದ್ದಲಿ ಹಿಡಿದರು. ಅವರ ಕೈ ಹಳದಿ, ಉಣ್ಣೆಯ ಅಂಚು ಹಳದಿ, ಹೊಸ್ತಿಲಾಚೆಯ ಹಿಮದ ಮೇಲೂ ಹಳದಿ ಹೆಜ್ಜೆ. ಪೆಮಾ ಒಂದು ಚೂರನ್ನು ಕಲ್ಲಿಗೆ ತೇಯ್ದು ಅತ್ತೆಯ ಕೆನ್ನೆಗೆ ಹಚ್ಚಿದಳು. “ನಮ್ಮ ಕಡೇದು,” ಎಂದು ಅವರ ಭಾಷೆಯಲ್ಲಿ ಹೇಳಿ, ಸಿಂಚನಾಳ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದಳು.

ಗುರುಮಲ್ಲಣ್ಣ ಪರದೆಯ ತುಂಬ ನಗುತ್ತಿದ್ದರು. “ಗೆದ್ದುಬುಟ್ಟೆ ಕನ ಕೂಸೆ. ಬೀಜ ಯಾವಾಗ ಕಳುಸ್ತೀಯಾ?”

ಅವಳು ತಡವರಿಸಿದಳು. “ಮಾವ, ನಿಮ್ಮ ಮಣ್ಣಲ್ಲಿ ಏನೂ ತಪ್ಪಿರಲಿಲ್ಲ. ಎಲೆ ಒಣಗೋ ಕಾಲಕ್ಕೆ ರಾತ್ರಿ ತಣ್ಣಗಿರಬೇಕು. ಆ ರಾತ್ರಿಗಳು ಈಗ ಅಲ್ಲಿಲ್ಲ. ಕಳಿಸಿದ್ರೆ ಮತ್ತೆ ಬೆಳ್ಳಗಾಗುತ್ತೆ.”

ಆ ಕಡೆ, ಡಿಸೆಂಬರಿನಲ್ಲೂ ತಿರುಗುತ್ತಿದ್ದ ಫ್ಯಾನಿನ ಸದ್ದು ಕೇಳಿಸಿತು.

“ಹಂಗಾರ ಅಲ್ಲೇ ಇರ್ಲಿ ಬುಡು,” ಎಂದರು ಕೊನೆಗೆ. “ಹೊನ್ನುಹೊಳೆ ಅನ್ನ ಹೆಸರ ಮಾತ್ರ ಬದ್ಲಾಯಿಸ್ಬ್ಯಾಡಿ.”

“ಯಾರಿಗೂ ಬದಲಾಯಿಸೋಕೆ ಬಿಡಲ್ಲ.”

“ಏಟು ತಣ್ಣಗಿರ್ಬೇಕು ಅಂದೆ?”

“ಹದಿನಾಲ್ಕು, ಹದಿನೈದು ಡಿಗ್ರಿ. ಒಂದು ತಿಂಗಳು.”

“ಅಷ್ಟೇಯಾ?”

“ಅಷ್ಟೇ ಮಾವ.”

“ನಾ ಐದ್ನೇ ಕ್ಲಾಸ್ಲಿದ್ದಾಗ ಅಷ್ಟು ಚಳಿ ನಮ್ಮೂರ್ಲೇ ಇತ್ತಲ್ಲ,” ಎಂದರು ಗುರುಮಲ್ಲಣ್ಣ. “ಇಪ್ಪತ್ನಾಕು, ಇಪ್ಪತ್ತೈದ್ನೇ ಇಸ್ವೀಲಿ. ಈ ಹಾಳು ಚಳಿ ಯಾವಾಗ ತೊಲಗದು ಅಂತ, ಬೆಂಕಿ ಮುಂದ ಕೂತ್ಕಂಡು ದಿನಾ ಬೈಯ್ತಿದ್ದೊ.”