ಕೊನೆಯ ಗೆರೆಯ ಸದ್ದು

ರಟ್ಟಿನ ಕವರ್ ಕಪಾಟಿನಲ್ಲಿ ತನ್ನ ಜಾಗದಲ್ಲೇ ಇತ್ತು. ಒಳಗೆ ಗ್ರಾಮಫೋನ್ ರೆಕಾರ್ಡ್ ಇರಲಿಲ್ಲ! ಆತ್ರೇಯ ಕವರನ್ನು ತಲೆಕೆಳಗು ಮಾಡಿ ಕೊಡವಿದ. ಉದುರಿದ್ದು ಒಂದಿಷ್ಟು ಧೂಳು.

“ಹೋಯ್ತಲ್ಲ,” ಎಂದರು ಮನೆಯ ಯಜಮಾನ ಶ್ಯಾಮಸುಂದರ, ಮೆಲ್ಲಗೆ.

ಕೆಂಗೇರಿ ಉಪನಗರದ ಆ ಮನೆಯಲ್ಲಿ ಭಾನುವಾರದ ಮಧ್ಯಾಹ್ನವೆಂದರೆ ಅರ್ಧ ಎಚ್ಚರ, ಅರ್ಧ ಕನಸು. ಪರದೆ ಎಳೆದು, ವಾದ್ಯವೃಂದದೊಂದಿಗೆ ನುಡಿಸುವ ಒಂದೇ ಪಿಯಾನೋ ಕಾನ್ಚೆರ್ಟೊವನ್ನು ಮೂವರು ಕಲಾವಿದರು ನುಡಿಸಿದ್ದನ್ನು ಒಂದಾದ ಮೇಲೊಂದು ಕೇಳುವುದು. ಆಮೇಲೆ ಯಾವುದು ಮೇಲೆಂದು ಕಾಫಿ ಆರುವವರೆಗೆ ವಾದಿಸುವುದು. ಕಾಲೇಜು ಮೇಷ್ಟ್ರು ಆತ್ರೇಯನಿಗೆ ಎಲ್ಲೂ ನಿಲ್ಲದೆ ಹರಿಯುವ ಹಂಗೇರಿಯವನ ನುಡಿಕೆ ಇಷ್ಟ. ಹತ್ತಿರದ ಉಲ್ಲಾಳದಿಂದ ಬಸ್ಸಿನಲ್ಲಿ ಬರುವ ಚಿಕ್ಕಹನುಮಯ್ಯನವರಿಗೆ ಸಭಿಕನೊಬ್ಬನ ಕೆಮ್ಮು ಕೇಳಿಸುವ ಕಚೇರಿಯ ರೆಕಾರ್ಡೇ ಆಗಬೇಕು. ಕೆಮ್ಮು ಕೇಳಿದರೆ ತಾವೂ ಅಲ್ಲೇ ಕೂತಂತಾಗುತ್ತದಂತೆ! ಶ್ಯಾಮಸುಂದರರಿಗೆ ಮಾತ್ರ ಜರ್ಮನಿಯ ಮುದುಕಿಯೊಬ್ಬಳೇ ದೇವರು. ನಿಧಾನದ ಎರಡನೆಯ ಭಾಗದಲ್ಲಿ, ವಾದ್ಯವೃಂದ ಸೇರುವ ಮುನ್ನ ಅವಳು ಒಂದು ಉಸಿರಿನಷ್ಟು ತಡೆಯುತ್ತಾಳೆ. ಪಕ್ಕದ ರಸ್ತೆಯ ನಿವೃತ್ತ ಇನ್‌ಸ್ಪೆಕ್ಟರ್ ಶುಭಾ ಬರುತ್ತಿದ್ದದ್ದು ಆ ಒಂದು ಉಸಿರಿಗಾಗಿ. ವರ್ಷಗಟ್ಟಲೆ ಕಳ್ಳರ ಹಿಂದೆ ಓಡಿದ ಮೈ ಆ ಸೋಫಾದಲ್ಲಿ ಹಾಯಾಗಿ ತೂಕಡಿಸುತ್ತಿತ್ತು.

ಈಗ ಕಾಣೆಯಾಗಿದ್ದದ್ದು ಆ ಮುದುಕಿಯ ರೆಕಾರ್ಡೇ. ಅದೂ ಪಂಥದ ದಿನ! ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮೂರು ರೆಕಾರ್ಡುಗಳಲ್ಲಿ ಅವಳದು ಯಾವುದೆಂದು ಶ್ಯಾಮಸುಂದರ ಹೇಳಬೇಕಿತ್ತು. ಎರಡೇ ಸ್ವರ ಸಾಕೆಂದು ಅವರು ಹಿಂದೆಲ್ಲ ಬೀಗಿದ್ದುಂಟು.

“ನಾನಂತೂ ತಗೊಂಡಿಲ್ಲ ಮೇಡಂ,” ಎಂದ ಆತ್ರೇಯ, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

“ಬುಧವಾರ ಬಂದಿದ್ರಂತಲ್ಲ?” ಎಂದರು ಶುಭಾ.

“ಬಂದಿದ್ದೆ, ಬೇರೆ ರೆಕಾರ್ಡ್ ವಾಪಸ್ ಕೊಡಕ್ಕೆ. ಪಂಥ ಕಟ್ಟಿದ್ದೇ ನಾನು. ನಾನ್ಯಾಕೆ ಅದನ್ನ ಕೆಡಿಸ್ಲಿ?”

ಚಿಕ್ಕಹನುಮಯ್ಯ ಅದೇ ರೆಕಾರ್ಡನ್ನು ಮನೆಗೆ ಒಯ್ಯಲು ಕೇಳಿದ್ದರು, ಶ್ಯಾಮಸುಂದರ ಕೊಟ್ಟಿರಲಿಲ್ಲ. ಆ ಸಿಟ್ಟು ಇನ್ನೂ ಇದೆಯೆಂದು ಅವರೇ ಒಪ್ಪಿಕೊಂಡರು. ಯಜಮಾನರ ಹೆಂಡತಿ ಪಂಕಜಾ, ಈ ಪಂಥ ತನಗೆ ಮೊದಲಿನಿಂದಲೂ ಬೇಡವಾಗಿತ್ತೆಂದಷ್ಟೇ ಹೇಳಿ ಒಳಗೆ ಹೋದರು.

ಶುಭಾ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು. ಎಂದಿನಂತೆ ನಿದ್ದೆಯೆಂದು ಉಳಿದವರು ತಿಳಿದರು. ಅವರು ಹೋದ ಭಾನುವಾರಕ್ಕೆ ಹೋಗಿದ್ದರು — ಅದೇ ಪರದೆಯ ಹಳದಿ ಬೆಳಕು, ಪಿಯಾನೋ ಮುಗಿದ ಮೇಲಿನ ಮೌನ, ಮೌನದಲ್ಲಿ ಇನ್ನೇನೋ ಒಂದು...

“ಆತ್ರೇಯ, ಹೋದ್ವಾರ ಮುದುಕಿ ರೆಕಾರ್ಡ್ ಮುಗಿದ್ಮೇಲೆ ಮುಳ್ಳು ಎತ್ತಿದ್ದು ಯಾರು?”

“ಪಂಕಜಾ ಆಂಟಿ. ಎಷ್ಟೋ ಹೊತ್ತು ಕೊನೇ ಗೆರೇಲೇ ಸರ್‌ಸರ್ ಅಂತ ತಿರುಗ್ತಾನೇ ಇತ್ತು. ಸಾರ್ ಮೈಮರೆತಿದಾರೆ ಅಂದ್ಕೊಂಡ್ವಿ.”

“ಒಂದು ಸುತ್ತು ಹೆಚ್ಚು ತಿರುಗಿದ್ರೆ ನಮಗೆಲ್ಲ ಬಯ್ಯೋರು ಯಾರು?”

ಎಲ್ಲರೂ ಶ್ಯಾಮಸುಂದರರ ಕಡೆ ತಿರುಗಿದರು.

ಶುಭಾ ಬಿಡಿಸಿ ಹೇಳಿದರು. ಗೀರು ಬಿದ್ದೀತೆಂದು ಹೆದರುವ ಈ ಗುಂಪಿನ ಯಾರೂ ಕವರಿಲ್ಲದ ರೆಕಾರ್ಡನ್ನು ಹೊರಗೆ ಒಯ್ಯುವುದಿಲ್ಲ. ಅದು ಈ ಮನೆಯಲ್ಲೇ ಇದೆ. ಪಂಕಜಾ ಈಚೆಗೆ ಗಂಡನನ್ನು ಅಡುಗೆಮನೆಯಿಂದ ಕೂಗುವುದಿಲ್ಲ, ಬಳಿಗೆ ಬಂದು ಕೈ ಮುಟ್ಟಿ ಕರೆಯುತ್ತಾರೆ. ಅವರಿಗೆ ವಿಷಯ ಗೊತ್ತು. ಆದರೆ ರೆಕಾರ್ಡ್ ಎಲ್ಲಿದೆಯೆಂದು ಗೊತ್ತಿದ್ದಂತಿಲ್ಲ. ಶುಭಾ ಎದ್ದು ಹೋಗಿ ಶ್ಯಾಮಸುಂದರರ ಎದುರಿಗೇ ಕುಳಿತರು.

“ತೆಗೆದಿಟ್ಟಿದ್ದು ನೀವೇ ಅಲ್ವಾ ಸಾರ್?”

ಅವರು ಹೌದೆಂದು ತಲೆಯಾಡಿಸಿದರು. “ಮೇಲಿನ ಸ್ವರಗಳು ಕೇಳ್ತಿಲ್ಲ ಶುಭಾ. ಮೂರೂ ಒಂದೇ ಥರ ಆಗೋಗಿದೆ. ಅವಳದನ್ನ ನೆನಪಿಂದ ತುಂಬ್ಕೋತೀನಿ, ಅಷ್ಟೇ. ಇದು ಗೊತ್ತಾದ್ಮೇಲೆ ಈ ಮನೆಗೆ ಯಾರು ಬರ್ತೀರಿ?”

ಚಿಕ್ಕಹನುಮಯ್ಯ ಗಂಟಲು ಸರಿಮಾಡಿಕೊಂಡರು. “ಶುಭಮ್ಮ ವಾರವಾರ ಗೊರಕೆ ಹೊಡೀತಾರೆ. ಅವರ್ನ ಬರಬೇಡಿ ಅಂದ್ವಾ? ತಗೊಂಡ್ಬನ್ನಿ ಸಾರ್.”

ಪಂಕಜಾರ ರೇಷ್ಮೆ ಸೀರೆಗಳ ನಡುವಿನಿಂದ ರೆಕಾರ್ಡ್ ಹೊರಗೆ ಬಂತು. ಕಣ್ಣಿಗೆ ಯಾರೂ ಬಟ್ಟೆ ಕಟ್ಟಲಿಲ್ಲ. ಶ್ಯಾಮಸುಂದರ ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟು ಕುಳಿತರು. ಎರಡನೆಯ ಭಾಗದಲ್ಲಿ ಅವರ ಬೆರಳು ಮೆಲ್ಲನೆ ಮೇಲೆದ್ದಿತು — ಮುದುಕಿ ಅಲ್ಲೇ ಉಸಿರು ತಡೆದಳು. ಶುಭಾಗೆ ಅಂದು ನಿದ್ದೆ ಬರಲಿಲ್ಲ. ಕಣ್ಣು ತುಂಬಿ ಬಂತು.

ಮುಗಿಯಿತು. ಮುಳ್ಳು ಸರ್‌ಸರ್ ಎಂದು ಸುತ್ತತೊಡಗಿತು. ಆತ್ರೇಯ ಏಳಹೊರಟವನು ಶುಭಾ ಕೈ ತೋರಿಸಿದ್ದರಿಂದ ಕುಳಿತ. ಪಂಕಜಾ ಒಳಗಿನಿಂದ ಬಂದು ಗಂಡನ ಮಣಿಕಟ್ಟನ್ನು ಮೆಲ್ಲಗೆ ಅದುಮಿದರು. ಶ್ಯಾಮಸುಂದರ ಎದ್ದು, ತಾವೇ ಮುಳ್ಳನ್ನು ಎತ್ತಿಟ್ಟರು.